ನಾನು ಶೂ ಬಿಟ್ಟ ವರ್ಷ

ಇನ್ನು ಓಡಬೇಡಿ ಎಂದು ಡಾಕ್ಟರು ಹೇಳಿದ್ದು ಅದು ಎರಡನೆಯ ಸಲ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮೊಣಕಾಲಿನ ಕೆಳಗೆ ಮೂಳೆಯ ಉದ್ದಕ್ಕೂ ನೋವು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ ದಿನವಿಡೀ ನಿಂತು ಪಾಠ ಹೇಳುತ್ತಿದ್ದ ನನಗೆ ನನ್ನದು ಅನ್ನಿಸುತ್ತಿದ್ದದ್ದು ಬೆಳಗಿನ ಆ ಓಟವೊಂದೇ. ಅದನ್ನು ಬಿಡು ಎಂದರೆ ಮೈ ಉರಿಯುತ್ತಿತ್ತು. ಶಾಲೆಯಲ್ಲಿ ಬರಿಗಾಲಲ್ಲೇ ಓಡಿ ಬಹುಮಾನ ತಂದವಳು ನಾನು. ಆಗ ಇಲ್ಲದ ನೋವು ಒಳ್ಳೆಯ ಶೂ ಕೊಂಡ ಮೇಲೆ ಬಂತಲ್ಲ ಎಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದು, ಒಂದು ಬೆಳಿಗ್ಗೆ ಅವನ್ನು ಮಂಚದ ಕೆಳಗೆ ತಳ್ಳಿ ಬರಿಗಾಲಲ್ಲಿ ಮೈದಾನಕ್ಕೆ ಹೋದೆ.

ಮೊದಮೊದಲು ಮೀನಖಂಡ ಹಿಡಿದುಕೊಂಡಿತು, ಅಂಗಾಲು ಉರಿಯಿತು. ಕಲ್ಲು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಹುಲ್ಲಿನ ಮೇಲೆ ಸಣ್ಣ ಹೆಜ್ಜೆ ಹಾಕುತ್ತ, ಮೂಳೆ ಈಗ ನೋಯುತ್ತದೆ, ಈಗ ನೋಯುತ್ತದೆ ಎಂದು ಕಾಯುತ್ತ ಓಡುತ್ತಿದ್ದೆ. ನೋವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ನಂಬಲು ಹೆದರಿಕೆಯಾಗುತ್ತಿತ್ತು.

ಮನೆಯಲ್ಲೂ ಏನೋ ಬದಲಾಯಿತು. ನಮಗೆ ಮಕ್ಕಳಿರಲಿಲ್ಲ. "ಹಿಂಗೆ ಎಗರಾಡ್ತಿದ್ರೆ ಬಸಿರು ಎಲ್ಲಿ ನಿಲ್ಲುತ್ತೆ" ಎಂದು ಮುಖ ಗಂಟಿಕ್ಕುತ್ತಿದ್ದ ಅತ್ತೆ, ಈಗ ನಾನು ಬರುವ ಹೊತ್ತಿಗೆ ಕಾಲಿಗೆ ಬಿಸಿನೀರು ಕಾಯಿಸಿಟ್ಟಿರುತ್ತಿದ್ದರು. ಯಾಕೆಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ಓಡಬೇಡ ಅನ್ನುತ್ತಾರೋ ಎಂಬ ಅಳುಕಿತ್ತು.

ಒಂದು ಭಾನುವಾರ ಓಡಿ ಬಂದಾಗ ಅಡುಗೆಮನೆಯಿಂದ ದೇವರಮನೆಯವರೆಗೆ ನೆಲದ ಮೇಲೆ ರಕ್ತದ ಗುರುತು. ಅಂಗಾಲು ತಿರುಗಿಸಿ ನೋಡಿಕೊಂಡೆ, ನನಗೆ ಗಾಯವಾಗಿರಲಿಲ್ಲ. ಅತ್ತೆಯ ಹಿಮ್ಮಡಿಯಲ್ಲಿ ಗಾಜಿನ ಚೂರು ಹೊಕ್ಕು ಸುತ್ತಲೂ ಊದಿ ಕಪ್ಪಾಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಪಾದ ಮರಗಟ್ಟಿತ್ತು. ಮನೆಯೊಳಗೂ ಚಪ್ಪಲಿ ಹಾಕಿಕೊಂಡಿರಿ, ಗಾಯ ಕೊಳೆತರೆ ಕಾಲೇ ಕತ್ತರಿಸಬೇಕಾಗುತ್ತದೆ ಎಂದು ಅವರ ಡಾಕ್ಟರು ಹಿಂದೆಯೇ ಗದರಿಸಿ ಕಳಿಸಿದ್ದರು.

"ಚಪ್ಪಲಿ ಎಲ್ಲಿ ಅತ್ತೆ?"

"ನೀನು ಬುಟ್ಟ ದಿನವೇ ನಾನೂ ಬುಟ್ಟೆ ಕಣಮ್ಮ. ಹರಕೆ ಬಾಯಿ ಬುಟ್ಟು ಹೇಳ್ಬಾರ್ದು ಅಂತ ನಾನೂ ಕೇಳ್ಲಿಲ್ಲ. ನಂಜುಂಡೇಶ್ವರಂಗೆ ನೀನೊಬ್ಳೇ ಬರಿಗಾಲಲ್ಲಿ ನಡ್ಕೊಂಡ್ರೆ ಸಾಕಾ? ಮೊಮ್ಮಗು ನಂಗೂ ಬೇಕಲ್ವಾ."

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡನನ್ನು ಎಬ್ಬಿಸಿ ಆಟೋ ತರಲು ಅಟ್ಟಿದೆ. ಗಾಯಕ್ಕೆ ಬಟ್ಟೆ ಸುತ್ತುತ್ತ ಹೇಳಿದೆ, "ಹರಕೆ ಅಲ್ಲ ಅತ್ತೆ. ಶೂ ಹಾಕಿದ್ರೆ ಕಾಲು ನೋಯುತ್ತೆ ಅಂತ ಬಿಟ್ಟಿದ್ದು."

ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. "ನಿಂದು ಅಲ್ದಿದ್ರೆ ಬುಡು. ನಂದು ಹರಕೇನೇ."

"ಹಾಗಾದ್ರೆ ಇವತ್ತೇ ನಂಜನಗೂಡಿಗೆ ಹೋಗಿ ಒಪ್ಪಿಸಿಬಿಡೋಣ."

"ಮಗು ಎತ್ಕೊಂಡ್ ಬಂದು ಒಪ್ಪಿಸ್ತೀನಿ ಅಂದಿದೀನಿ. ಅಲ್ಲೀವರೆಗೂ ಮೆಟ್ಟಲ್ಲ."

ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಹೊರಗೆ ಆಟೋ ಬಂದು ನಿಂತ ಸದ್ದಾಯಿತು. ಹುಡುಕಿ ತಂದ ಚಪ್ಪಲಿಗಳನ್ನು ಅವರ ಮುಂದಿಟ್ಟು ನೆಲದ ಮೇಲೆ ಕೂತೆ. ನಾನು, ನನ್ನ ಗಂಡ ಇಬ್ಬರೇ ಕೂತು ಆಡಿಕೊಂಡಿದ್ದ, ಇವರ ಕಿವಿಗೆ ಎಂದೂ ಹಾಕಬಾರದು ಅಂದುಕೊಂಡಿದ್ದ ಮಾತೊಂದಿತ್ತು. ಆ ಕಪ್ಪು ಹಿಮ್ಮಡಿಯನ್ನು ನೋಡಿದ ಮೇಲೆ ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ.

"ಅತ್ತೆ, ಮಗು ಆಗ್ತಿಲ್ಲ ಅಂತಲ್ಲ. ನಮ್ಮಿಬ್ರಿಗೂ ಬೇಡ. ನಾವೇ ಬೇಡ ಅಂದ್ಕೊಂಡಿದೀವಿ."

ಅವರು ನನ್ನ ಮುಖ ನೋಡಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಮಗನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಆಮೇಲೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಬಟ್ಟೆ ಸುತ್ತಿದ ಕಾಲನ್ನು ನನ್ನ ಕಡೆ ಚಾಚಿ, "ಹಾಕು" ಎಂದರು.