ನಮ್ಮ ಮನೆಯ ಡ್ರೇನ್ ವಾಸನೆ

ಮೊನ್ನೆ ಭಾನುವಾರ ಹನ್ನೊಂದರ ಹೊತ್ತಿಗೆ ನಾನು ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ತುಪ್ಪ ಕಾದು, ಸಾಸಿವೆ ಸಿಡಿದು, ಇಂಗಿನ ಚೂರು ಬಿದ್ದು ಉಬ್ಬುವ ಹೊತ್ತಿಗೆ ಸರಿಯಾಗಿ ಬಾಗಿಲ ಗಂಟೆ ಹೊಡೆಯಿತು. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಟಾಮ್ ನಿಂತಿದ್ದ. ಮೂವತ್ತರ ಆಸುಪಾಸಿನ ಸಂಕೋಚದ ಮನುಷ್ಯ. ಈ ಇಂಗ್ಲೆಂಡಿನವರು ಕೆಟ್ಟ ಸುದ್ದಿ ಹೇಳುವ ಮುಂಚೆ ಮಾಡುವ ಹಾಗೆ ಎರಡು ಸಲ ಕ್ಷಮೆ ಕೇಳಿ, "ಒಂದು ವಾಸನೆ ಬರ್ತಾ ಇದೆ..." ಎಂದ.

"ಒಂದು ನಿಮಿಷ, ಒಲೆ ಆರಿಸಿ ಬಂದೆ" ಎಂದು ಒಳಗೆ ಓಡಿದೆ. ಒಲೆ ಒಂದು ನೆಪ. ಇದೇ ಪ್ರಶ್ನೆಯನ್ನು ಅದೇ ಮನೆಯಲ್ಲಿ ಆಗ ಇದ್ದವರು ಹದಿಮೂರು ವರ್ಷದ ಹಿಂದೆ ನನಗೆ ಕೇಳಿದ್ದರು, ಮತ್ತು ಆಗ ನಾನು ಕೊಟ್ಟ ಉತ್ತರದ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ. ಸೌಟು ಹಿಡಿದು ಒಲೆಯ ಮುಂದೆ ನಿಂತ ಆ ಒಂದು ನಿಮಿಷದಲ್ಲಿ ನೆನಪಾದದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಟಾಮ್ ಸ್ವಲ್ಪ ಬಾಗಿಲಲ್ಲೇ ಕಾಯಲಿ.

ನಾಟಿಂಗ್‌ಹ್ಯಾಮಿನಲ್ಲಿ ನಾವು ಈ ಮನೆ ಕೊಂಡಾಗ ನಾನು ಹೊಸ ಜಿಪಿ, ಎಂದರೆ ಇಲ್ಲಿನ ಕುಟುಂಬ ವೈದ್ಯ. ಮನೆಯ ಸಾಲವೂ ಹೊಸದು, ಭಯವೂ ಹೊಸದು. ರೋಗಿಗಳ ಭಯವಲ್ಲ, ವಾಸನೆಯ ಭಯ. ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಒಮ್ಮೆ "ಡಾಕ್ಟರ್, ನಿಮ್ಮ ಕೋಟಿನಿಂದ ಏನೋ ರುಚಿಯಾದ ವಾಸನೆ ಬರುತ್ತಿದೆ" ಎಂದಿದ್ದಳು. ಆ ಹೊಗಳಿಕೆಯನ್ನು ನಾನು ಮನಸ್ಸಿನಲ್ಲೇ ದೂರು ಎಂದು ಅನುವಾದಿಸಿಕೊಂಡೆ. ಅಂದಿನಿಂದ ಕೋಟುಗಳು ಕಾರಿನಲ್ಲಿ ಮಲಗಿದವು, ಅಡುಗೆಮನೆಯ ಕಿಟಕಿ ಮುಚ್ಚಿತು, ಇಂಗು ಭಾನುವಾರಕ್ಕೆ ಮಾತ್ರ ಎಂದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೆ ಪಾಳಿಯ ರೋಟಾ ಇದ್ದರೆ ನಮ್ಮ ಮನೆಯಲ್ಲಿ ಇಂಗಿಗೆ ರೋಟಾ.

ನನ್ನ ಹೆಂಡತಿ ವಸುಧಾಗೆ ಇದೆಲ್ಲ ಹುಚ್ಚಾಟ. "ಮೈಸೂರಲ್ಲಿ ನಿಮ್ಮ ಪಕ್ಕದ್ಮನೆಯೋರು ಮೀನು ಹುರಿದ್ರೆ ನೀವೇನು ಕಂಪ್ಲೇಂಟ್ ಕೊಡ್ತಿದ್ರಾ?" ಎಂದು ಕೇಳಿದಳು.

"ಇಲ್ಲ. ಆದ್ರೆ ಅಮ್ಮ ಕಿಟಕಿ ಮುಚ್ತಿದ್ರು" ಎಂದೆ.

ನಮ್ಮದು ನಡುವೆ ಒಂದೇ ಗೋಡೆಯಿರುವ ಜೋಡಿಮನೆ. ಗೋಡೆಯ ಆಚೆ ಬ್ರೆಂಡಾ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು, ಒಬ್ಬರೇ ಇದ್ದರು. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡಕ್ಕೆ ಇಳಿಸಿಕೊಂಡು ಬರೆಯುತ್ತಿದ್ದೇನೆ. ನನ್ನನ್ನು ಅವರು 'ನೀನು' ಎಂದೇ ಅನ್ನಲಿ, ವಯಸ್ಸಿನಲ್ಲಿ ನನ್ನ ತಾಯಿಗೆ ಸಮ. 'ಡಕ್' ಎಂಬ ಮಾತನ್ನು ಮಾತ್ರ ಹಾಗೇ ಬಿಡುತ್ತೇನೆ. ಈ ಸೀಮೆಯಲ್ಲಿ ಬಸ್ ಡ್ರೈವರಿನಿಂದ ಹಿಡಿದು ಎಲ್ಲರೂ ಎಲ್ಲರನ್ನೂ ಪ್ರೀತಿಯಿಂದ ಬಾತುಕೋಳಿ ಎನ್ನುತ್ತಾರೆ. ಇಷ್ಟು ಓದಿ ಬಂದವನಿಗೆ ಮೊದಲ ಸಲ ಅದು ಕಿವಿಗೆ ಬಿದ್ದಾಗ ಆದ ಆಘಾತ ಸಣ್ಣದಲ್ಲ.

ಆ ಮೊದಲ ಬೇಸಿಗೆಯ ಒಂದು ಭಾನುವಾರ ಬ್ರೆಂಡಾ ಬೇಲಿಯ ಮೇಲಿಂದ ಕತ್ತು ಚಾಚಿ ಕೇಳಿದರು: "ಡಕ್, ಭಾನುವಾರ ಭಾನುವಾರ ಒಂದು ವಾಸನೆ ಬರುತ್ತಲ್ಲ, ಅದೇನು?"

ಕಿಟಕಿ ಮುಚ್ಚಿದ ಜಾಣ ನಾನು. ಎಕ್ಸಾಸ್ಟ್ ಫ್ಯಾನು ಎಲ್ಲವನ್ನೂ ಒಯ್ದು ಅವರ ಹಿತ್ತಲಿಗೇ ಊದುತ್ತಿದೆ ಎಂಬುದು ಹೊಳೆದಿರಲಿಲ್ಲ. ನಾಲಿಗೆ ತಾನಾಗಿ ಹೊರಳಿತು. "ಕ್ಷಮಿಸಿ, ಅದು ಡ್ರೇನ್. ಜನರನ್ನ ಕರೆಸ್ತಿದೀನಿ, ಸರಿಹೋಗುತ್ತೆ."

"ಡ್ರೇನಾ?" ಎಂದರು. ಮುಖ ಸಪ್ಪಗಾಯಿತು. ಅದನ್ನು ನಾನು ಅಸಹ್ಯ ಎಂದು ತಿಳಿದೆ. ಮರುದಿನವೇ ಫ್ಯಾನು ನಿಲ್ಲಿಸಿದೆ. ಬ್ರೆಂಡಾ ಚಹಾಕ್ಕೆ ಬರುವ ದಿನಗಳಲ್ಲಿ ಇಂಗಿನ ಡಬ್ಬಿ ಗ್ಯಾರೇಜಿಗೆ ಹೋಗುತ್ತಿತ್ತು. ವಸುಧಾಳ ತಾಯಿ ಊರಿನಿಂದ ಕಳಿಸುವ ಗಟ್ಟಿ ಇಂಗು ಅದು, ಪುಡಿಯಲ್ಲ. ಡಬ್ಬಿ ಯಾಕೆ ಓಡಾಡುತ್ತದೆಂದು ಅವಳಿಗೆ ಗೊತ್ತಿತ್ತು. ಡ್ರೇನಿನ ಸುಳ್ಳು ಮಾತ್ರ ಗೊತ್ತಿರಲಿಲ್ಲ.

ಬ್ರೆಂಡಾ ಮೀನು ಹಿಡಿಯುವವರು ಎಂದು ನಮಗೆ ತಿಳಿದದ್ದು ಇನ್ನೊಂದು ಆಘಾತದಿಂದ. ಅವರ ಫ್ರಿಜ್ ಕೆಟ್ಟಿತ್ತು. ಮುಚ್ಚಳದ ಡಬ್ಬಿಯೊಂದನ್ನು ನನ್ನ ಕೈಗಿತ್ತು "ಎರಡು ದಿನ ಇಟ್ಟುಕೋ, ಡಕ್" ಎಂದರು. ಬೆಣ್ಣೆಯಿರಬೇಕು ಎಂದು ಮೊಸರಿನ ಪಕ್ಕ ಇಟ್ಟೆ. ಸಂಜೆ ಅಡುಗೆಮನೆಯಿಂದ ವಸುಧಾಳ ದನಿ ಬಂತು, ಮೆಲ್ಲಗೆ, ತಣ್ಣಗೆ.

"ರೀ, ಇಲ್ಲಿ ಬನ್ನಿ. ಅನ್ನ ಅಲ್ಲಾಡ್ತಾ ಇದೆ."

ಅದು ಅನ್ನವಲ್ಲ, ಗಾಳಕ್ಕೆ ಚುಚ್ಚುವ ಬಿಳಿ ಹುಳುಗಳು. ವಾಪಸ್ ಕೊಡಲು ದಾಕ್ಷಿಣ್ಯ. ಎರಡು ದಿನವೂ ನಾವು ಫ್ರಿಜ್ ತೆರೆಯದೆ, ಹಾಲಿಲ್ಲದ ಕಾಫಿ ಕುಡಿದೆವು. ಆಮೇಲೆ ವಸುಧಾ ಫ್ರಿಜ್ಜನ್ನು ಮೂರು ಸಲ ತೊಳೆದಳು.

ಮತ್ತೊಮ್ಮೆ ಬೆಳ್ಳಂಬೆಳಿಗ್ಗೆ ಬೇಲಿಯಾಚೆಯಿಂದ ಬ್ರೆಂಡಾ "ಇವತ್ತು ಹದಿನಾಲ್ಕನೇ ಪೆಗ್ ಸಿಕ್ಕಿದರೆ ಸಾಕು, ಸ್ವರ್ಗ" ಎಂದರು. ವೈದ್ಯನಾಗಿ ನಾನು ಅರ್ಧ ಗಂಟೆ ಅವರ ಯಕೃತ್ತಿನ ಬಗ್ಗೆ ಚಿಂತೆ ಮಾಡಿದೆ. ಪೆಗ್ ಎಂದರೆ ಪಂದ್ಯದ ದಿನ ಕೆರೆಯ ಸುತ್ತ ಒಬ್ಬೊಬ್ಬರಿಗೆ ಚೀಟಿ ಎತ್ತಿ ಕೊಡುವ ನಂಬರಿನ ಜಾಗವಂತೆ. ಹಿಡಿದ ಮೀನನ್ನು ಬಲೆಚೀಲದಲ್ಲಿ ನೀರೊಳಗೇ ಇಟ್ಟು, ಕೊನೆಗೆ ತೂಗಿ, ಮತ್ತೆ ಕೆರೆಗೇ ಬಿಡುತ್ತಾರಂತೆ. ಇದು ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು. "ತಿನ್ನೋದಿಲ್ಲ ಅಂದ್ರೆ ಹಿಡಿಯೋದು ಯಾಕೆ?" ಎಂದು ಕೇಳಿದೆ.

"ನೀನು ಕ್ರಿಕೆಟ್ ಚೆಂಡು ತಿಂತೀಯಾ?" ಎಂದರು ಬ್ರೆಂಡಾ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಅವರ ಮೊಣಕಾಲು ಸೋತಿತು. ಮನೆ ಮಾರಿ, ಸಮುದ್ರದ ದಡದ ಊರಿನಲ್ಲಿರುವ ತಂಗಿಯ ಜೊತೆ ಇರಲು ಹೊರಟರು. ಹೋಗುವ ಮುಂಚೆ ಅವರ ಕ್ಲಬ್ಬಿನ ಬೇಸಿಗೆಯ ಪಂದ್ಯವೊಂದು ಬಾಕಿಯಿತ್ತು. ಆ ಪಂದ್ಯ ಗೆದ್ದವರ ಹೆಸರು ಕೆತ್ತುವ ಬೆಳ್ಳಿ ಬಟ್ಟಲಿನ ಮೇಲೆ ಅವರ ತಂದೆಯ ಹೆಸರು ಮೂರು ಕಡೆ ಇದೆ. ಬ್ರೆಂಡಾರ ಹೆಸರು ಒಮ್ಮೆಯೂ ಇಲ್ಲ. ಇದು ಕೊನೆಯ ಸಲ.

ಪಂದ್ಯದ ಮುಂಚಿನ ವಾರ ನನಗೆ ರಜೆಯಿತ್ತು. ಅವರ ಗಾಳದ ಸಾಮಾನಿನ ಪೆಟ್ಟಿಗೆ ಹೊರಲು ನಾನು ಜೊತೆಗೆ ಹೋದೆ. ಹಿಂದೆ ಜಲ್ಲಿ ತೆಗೆದು ಈಗ ನೀರು ತುಂಬಿದ ದೊಡ್ಡ ಹೊಂಡ ಅದು, ಸುತ್ತ ಜೊಂಡು. ಅಲ್ಲಿ ಟೆಂಚ್ ಎಂಬ ಮೀನಿದೆ. ಪಾಚಿಬಣ್ಣದ ಮೈ, ಕೆಂಪು ಕಣ್ಣು, ವಿಪರೀತ ಬಿಗುಮಾನ. ತಳದ ಕೆಸರು ಕೆದಕುತ್ತಾ ಮೇಲೆ ಸಣ್ಣ ಸಣ್ಣ ಗುಳ್ಳೆ ಬಿಡುತ್ತದೆ. ನಮ್ಮ ಗಾಳದ ಬೆಂಡಿನ ಸುತ್ತಲೇ ಗುಳ್ಳೆ ಏಳುತ್ತಿತ್ತು, ಬೆಂಡು ಮಾತ್ರ ಅಲುಗಲಿಲ್ಲ. ಹುಳು, ಎರೆಹುಳು, ಜೋಳದ ಕಾಳು, ಬ್ರೆಡ್ಡಿನ ಉಂಡೆ, ಯಾವುದಕ್ಕೂ ಬಾಯಿ ಹಾಕಲಿಲ್ಲ. ಮೂರು ಬೆಳಿಗ್ಗೆ ಹೀಗೇ ಹೋಯಿತು. ಮೂರನೆಯ ದಿನ ಬ್ರೆಂಡಾ ಕೋಲು ಕೆಳಗಿಟ್ಟರು.

"ನಮ್ಮಪ್ಪನ ಹತ್ತಿರ ಒಂದು ಉಪಾಯ ಇತ್ತು" ಎಂದರು. "ಔಷಧಿ ಅಂಗಡಿಯಿಂದ ಕಾಗದದಲ್ಲಿ ಸುತ್ತಿದ ಕಂದು ಬಣ್ಣದ ಗಟ್ಟಿಯೊಂದನ್ನ ತರ್ತಿದ್ದರು. ಭಾರಿ ನಾತ. ಅದನ್ನ ಬ್ರೆಡ್ಡಿಗೆ ನಾದಿದರೆ ಟೆಂಚ್ ಹುಡುಕಿಕೊಂಡು ಬರ್ತಿತ್ತು. ಹೆಸರು ನನಗೂ ಹೇಳಲಿಲ್ಲ, ಅಷ್ಟು ಗುಟ್ಟು. ಅಪ್ಪನೂ ಹೋದರು, ಆ ಅಂಗಡಿಯೂ ಹೋಯಿತು. ಹೆಸರು ಗೊತ್ತಿಲ್ಲದ್ದನ್ನ ಯಾರನ್ನ ಕೇಳಲಿ?"

ನನ್ನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಆಮೇಲೆ ಒಂದೇ ಒಂದು ಬೇಸಿಗೆ ಆ ವಾಸನೆ ಸಿಕ್ಕಿತ್ತು. ನಮ್ಮ ಹಿತ್ತಲಲ್ಲಿ. ಬಟ್ಟೆ ಒಣಗಿಸ್ತಾ ಇದ್ದೆ, ಅಪ್ಪ ಹಿಂದೆ ಬಂದು ನಿಂತ ಹಾಗಾಯಿತು. ನಿನ್ನ ಕೇಳಿದೆನಲ್ಲ, ಜ್ಞಾಪಕ ಇದೆಯಾ? ಡ್ರೇನ್ ಅಂದೆ. ನಮ್ಮಿಬ್ಬರದೂ ಒಂದೇ ಡ್ರೇನು, ಡಕ್. ನೀನು ಡಾಕ್ಟರು, ಸುಮ್ಮನೆ ಹೇಳ್ತೀಯಾ ಅಂತ ಮುಚ್ಚಳ ತೆಗೆದು ಎರಡು ದಿನ ಕೊಳವೆಗೆ ರಾಡು ಹಾಕಿದೆ. ಏನೂ ಸಿಗಲಿಲ್ಲ. ವಾಸನೆನೂ ಆಮೇಲೆ ಬರಲಿಲ್ಲ."

ರೋಗಿಗಳಿಗೆ ಎಂಥ ಕಷ್ಟದ ಸುದ್ದಿಯನ್ನೂ ಮುಖ ನೋಡಿ ಹೇಳಬಲ್ಲ ನಾನು ಆ ಹೊತ್ತಿಗೆ ಬಾಯಿ ಬಿಡಲಿಲ್ಲ. ಪೆಟ್ಟಿಗೆ ಹೊತ್ತು ಕಾರಿಗಿಟ್ಟೆ. ದಾರಿಯುದ್ದಕ್ಕೂ ಹವಾಮಾನದ ಮಾತಾಡಿದೆ.

ಮನೆಗೆ ಬಂದು ವಸುಧಾಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಮ್ಮಮ್ಮ ಕಳಿಸಿದ ಇಂಗನ್ನ ಡ್ರೇನ್ ಅಂದ್ರಾ?"

"ಭಯ ಆಗಿತ್ತು."

"ಆ ವಯಸ್ಸಾದವರು ಎರಡು ದಿನ ಚರಂಡಿ ಬಗೆದಿದಾರೆ. ಡಬ್ಬಿ ತಗೊಂಡು ಹೋಗಿ. ಈಗಲೇ."

ಬ್ರೆಂಡಾ ಬಾಗಿಲು ತೆರೆದರು. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದವರು ಮೆಟ್ಟಿಲ ಮೇಲೆ ಕೂತರು. ಮೂಗನ್ನು ಡಬ್ಬಿಗೆ ಒತ್ತಿಕೊಂಡೇ ಇದ್ದರು. ಒಂದು ಸಲ "ಡ್ಯಾಡ್" ಎಂದರು, ನನಗಲ್ಲ.

"ಹಾಗಾದರೆ ಡ್ರೇನ್ ಅಲ್ಲ" ಎಂದರು ಆಮೇಲೆ.

"ಅಲ್ಲ. ನಾವು ಅಡುಗೆಗೆ ಹಾಕೋದು. ನನಗೆ ನಾಚಿಕೆ ಆಗಿತ್ತು."

"ನಾಚಿಕೆ? ಇದಕ್ಕಾ?" ಅವರ ಮುಖ ಕೆಂಪಾಯಿತು. "ಹನ್ನೊಂದು ವರ್ಷ ಗೋಡೆಯ ಆ ಕಡೆ ಇಟ್ಟುಕೊಂಡಿದ್ದೆಯಲ್ಲ" ಎಂದು ಎದ್ದು, ಡಬ್ಬಿಯ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಡೀ ಮಧ್ಯಾಹ್ನ ಗೋಡೆಯ ಆಚೆ ಸದ್ದಿಲ್ಲ. ಸಂಜೆ ಬಾಗಿಲು ಬಡಿಯಿತು. ಬ್ರೆಂಡಾ ನಿಂತಿದ್ದರು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬ್ರೆಡ್ಡು. ನನ್ನನ್ನು ದಾಟಿ ವಸುಧಾಳನ್ನು ನೋಡಿ, "ಎಷ್ಟು ಹಾಕಬೇಕು?" ಎಂದರು.

ಹುಟ್ಟಿದಾಗಿನಿಂದ ಮೀನು ಮುಟ್ಟದ ವಸುಧಾ, "ಮತ್ತೆ ನೀರಿಗೆ ಬಿಡ್ತೀರಿ ತಾನೇ?" ಎಂದು ಕೇಳಿದಳು. ಬಿಡುತ್ತೇನೆ ಎಂದಮೇಲೆ ತೋಳೇರಿಸಿಕೊಂಡು ಕಡಲೆಕಾಳಿನಷ್ಟು ಇಂಗನ್ನು ಬಿಸಿನೀರಲ್ಲಿ ಕರಗಿಸಿದಳು. ಬ್ರೆಡ್ಡು ಗಾಳದಿಂದ ಜಾರುತ್ತದೆಂದು ಕಡಲೆಹಿಟ್ಟು ಸೇರಿಸಿ ನಾದಿದಳು. ಇಬ್ಬರೂ ಅಡುಗೆ ಬಲ್ಲವರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಮೂಲೆಯಲ್ಲಿ ನಿಂತು ಕಿಟಕಿ ತೆರೆದೆ.

ಪಂದ್ಯದ ದಿನ ಅವರಿಗೆ ಹದಿನಾಲ್ಕು ಬರಲಿಲ್ಲ. ಕಾರು ನಿಲ್ಲಿಸುವ ಜಾಗದ ಪಕ್ಕದ, ಯಾರಿಗೂ ಬೇಡದ ಮೂರನೇ ಪೆಗ್ ಬಂತು. ಗಾಳ ಬಿಟ್ಟು ಕಾಲು ಗಂಟೆಯಾಗಿತ್ತು. ಬೆಂಡು ಮುಳುಗುತ್ತದೆಂದು ನಾನು ಕಣ್ಣು ನೆಟ್ಟಿದ್ದರೆ, ಅದು ಮುಳುಗದೆ ಮೇಲಕ್ಕೆದ್ದು ಅಡ್ಡ ಮಲಗಿತು. ಟೆಂಚ್ ತಳದಿಂದ ತುತ್ತನ್ನು ಎತ್ತಿಕೊಂಡರೆ ಹಾಗಾಗುತ್ತದಂತೆ. ಬ್ರೆಂಡಾ ಕೋಲೆತ್ತಿದರು, ಅದು ಬಾಗಿತು. ಪಾಚಿಬಣ್ಣದ ದಪ್ಪ ಮೀನು ಬಲೆಗೆ ಬಂದಾಗ ನಮ್ಮ ಜೊತೆ ಬಂದಿದ್ದ ವಸುಧಾ ಬಗ್ಗಿ ನೋಡಿದಳು. ನಮ್ಮ ಸಾರಿನ ಇಂಗಿಗೆ, ನಾನು ಹನ್ನೊಂದು ವರ್ಷ ಬಚ್ಚಿಟ್ಟ ವಾಸನೆಗೆ, ಒಂದರ ಹಿಂದೆ ಒಂದು ಮೀನು ಬರತೊಡಗಿತು. ಅಕ್ಕಪಕ್ಕದವರು ಕೋಲು ಬಿಟ್ಟು ಬಂದು ನೋಡಿದರು.

ಬ್ರೆಂಡಾ ಎರಡನೆಯವರಾದರು. ಗೆದ್ದವನಿಗೂ ಅವರಿಗೂ ಒಂದು ಪೊಟ್ಟಣ ಸಕ್ಕರೆಯಷ್ಟು ತೂಕದ ಅಂತರ. ಬಟ್ಟಲಿನ ಮೇಲೆ ಹೆಸರು ಬರಲಿಲ್ಲ. ಮೀನುಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಾ ಅವರು, "ಇದು ಮೊದಲೇ ಸಿಕ್ಕಿದ್ದರೆ" ಎಂದು ತಮಗೆ ತಾವೇ ಹೇಳಿಕೊಂಡರು. ನನ್ನನ್ನು ಚುಚ್ಚಲು ಅಂದದ್ದಲ್ಲ. ಅದಕ್ಕೇ ಅದು ನನಗೆ ಇನ್ನೂ ಚುಚ್ಚುತ್ತದೆ.

ಮನೆ ಖಾಲಿ ಮಾಡಿದ ದಿನ ಬ್ರೆಂಡಾ ಉದ್ದನೆಯ ಕಟ್ಟೊಂದನ್ನು ತಂದುಕೊಟ್ಟರು. ಗಾಳದ ಕೋಲುಗಳಿರಬೇಕು ಎಂದು ನಾನು ಭಾವುಕನಾಗಿ ಬಿಚ್ಚಿದೆ. ಒಂದಕ್ಕೊಂದು ತಿರುಗಿಸಿ ಜೋಡಿಸುವ, ಚರಂಡಿಯ ಕೊಳವೆಗೆ ತೂರಿಸುವ ರಾಡುಗಳು. "ನಿನ್ನ ಡ್ರೇನಿಗೆ, ಡಕ್" ಎಂದು ನನ್ನ ಕೆನ್ನೆ ತಟ್ಟಿದರು. ಆಮೇಲೆ ಪ್ರತಿ ಕ್ರಿಸ್‌ಮಸ್ ಕಾರ್ಡಿನಲ್ಲೂ ಅವರು ಕೇಳುವುದು ಒಂದೇ, ಡ್ರೇನ್ ಹೇಗಿದೆ ಎಂದು. ನಾವು ಉತ್ತರದ ಜೊತೆ ಒಂದು ತುಂಡು ಇಂಗು ಕಳಿಸುತ್ತೇವೆ.

ಇಷ್ಟು ನೆನೆಯುವ ಹೊತ್ತಿಗೆ ಒಗ್ಗರಣೆ ಸೀದಿತ್ತು. ಒಲೆ ಆರಿಸಿ ಬಾಗಿಲಿಗೆ ಬಂದೆ. ಟಾಮ್ ಅಲ್ಲೇ ಇದ್ದ. ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಅದು ಇಂಗು. ನಮ್ಮ ಅಡುಗೆಮನೆಯದು. ವಾರದಲ್ಲಿ ಏಳು ದಿನವೂ ಬರುತ್ತೆ. ಅದಕ್ಕೆ ನಾನು ಕ್ಷಮೆ ಕೇಳೋದಿಲ್ಲ" ಎಂದೆ. ಹದಿಮೂರು ವರ್ಷದಿಂದ ಗಂಟಲಲ್ಲಿದ್ದ ವಾಕ್ಯ, ಸ್ವಲ್ಪ ಜೋರಾಗಿಯೇ ಬಂತು.

ಟಾಮ್ ಗಾಬರಿಯಾದ. "ಅಯ್ಯೋ, ಅದು ಚೆನ್ನಾಗೇ ಇದೆ. ನಾನು ಹೇಳಿದ್ದು ಡ್ರೇನ್ ವಿಷಯ. ಹಿತ್ತಲಲ್ಲಿ ಮುಚ್ಚಳದ ಸುತ್ತ ಉಕ್ಕುತ್ತಾ ಇದೆ. ನಿಮಗೆ ವಾಸನೆ ಬರಲಿಲ್ವಾ?"

ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಆ ದಿನ ಟಾಮ್ ನೋಡಿದ. ಒಳಗಿಂದ ವಸುಧಾ ನಗುವುದು ಕೇಳಿಸಿತು. ನಾನು ಗ್ಯಾರೇಜಿಗೆ ಹೋಗಿ ಬ್ರೆಂಡಾರ ಕಟ್ಟು ತಂದು, ಹಿತ್ತಲಲ್ಲಿ ಮಂಡಿಯೂರಿ ಕಬ್ಬಿಣದ ಮುಚ್ಚಳ ಎತ್ತಿದೆ. ನಾತ ಮುಖಕ್ಕೆ ಹೊಡೆಯಿತು.

"ನೀವು ಬಿಡಿ ಡಾಕ್ಟರ್, ಯಾರನ್ನಾದರೂ ಕರೆಸೋಣ" ಎಂದ ಟಾಮ್.

"ಬೇಡ" ಎಂದೆ. "ಈ ಡ್ರೇನಿಗೆ ನಾನು ಎರಡು ದಿನದ ಕೆಲಸ ಬಾಕಿ ಇದ್ದೀನಿ."

ಅವನಿಗೆ ಅರ್ಥವಾಗಲಿಲ್ಲ. ನಾನು ಮೊದಲನೆಯ ರಾಡಿಗೆ ಎರಡನೆಯದನ್ನು ತಿರುಗಿಸಿ ಜೋಡಿಸಿ, ಕೊಳವೆಯೊಳಗೆ ತೂರಿಸಿದೆ.