ಗಂಟಿಲ್ಲದ ಬೇರು

ಉಲ್ಲಾಳದ ನಮ್ಮ ಹೊಲ ಲೇಔಟ್ ಆಗುವ ಮುಂಚೆ ಅಲ್ಲಿಂದ ಮಣ್ಣು ತಂದು, ಮೂಡಲಪಾಳ್ಯದ ಮನೆಯ ತಾರಸಿಯ ಕುಂಡಗಳಲ್ಲಿ ಅವರೆ ಬೆಳೆಯುತ್ತಿದ್ದೆ. ಕಾಲೇಜಿನಿಂದಲೂ ಜೊತೆಗಿದ್ದ ಗೆಳತಿಯೊಬ್ಬಳು ಗೊಬ್ಬರದ ಕಂಪನಿಯ ಲ್ಯಾಬಿನಲ್ಲಿದ್ದಳು. ಒಂದು ದಿನ ಕಪ್ಪು ಪುಡಿಯ ಡಬ್ಬಿ ತಂದು, "ನ್ಯಾನೋ ಕಾರ್ಬನ್ ಕಣೇ, ಮಣ್ಣಿಗೆ ಹಾಕು, ಗಿಡ ಹೇಗೆ ಬರತ್ತೆ ನೋಡು" ಅಂದಳು.

ಪುಡಿ ಸಾಲದೆ ಒಂದು ಕುಂಡ ಬಿಟ್ಟು ಎಲ್ಲಕ್ಕೂ ಹಾಕಿದೆ. ಮೊದಲು ಎಲೆ ದಟ್ಟವಾಗಿ ಬಂತು. ಅವಳು ಬಂದು ಫೋಟೊ ತೆಗೆದುಕೊಂಡು ಹೋದಳು. ಆಮೇಲೆ ಗಿಡಗಳು ಹಳದಿಯಾದವು. ಒಂದನ್ನು ಕಿತ್ತು ನೋಡಿದೆ. ಅವರೆಯ ಬೇರಿನಲ್ಲಿ ಸಣ್ಣ ಗಂಟುಗಳಿರಬೇಕು. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅವುಗಳೊಳಗೇ ಇರುವುದು. ಈ ಬೇರು ನುಣ್ಣಗಿತ್ತು. ಪುಡಿ ಹಾಕದ ಗಿಡದ ಬೇರಿನ ತುಂಬ ಗಂಟುಗಳಿದ್ದವು.

ಎರಡೂ ಗಿಡ ಹಿಡಿದು ವಿಜಯನಗರದ ಅವಳ ಮನೆಗೆ ಹೋದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಲ್ಯಾಬಲ್ಲೂ ಬ್ಯಾಕ್ಟೀರಿಯಾ ಸತ್ತಿದ್ವು. ನಿಜವಾದ ಮಣ್ಣಲ್ಲಿ ಏನಾಗತ್ತೆ ಅಂತ ನೋಡ್ಬೇಕಿತ್ತು."

"ನಂಗೆ ಹೇಳ್ಬಹುದಿತ್ತಲ್ವಾ?"

"ಹೇಳಿದ್ರೆ ಹಾಕ್ತಿದ್ಯಾ?"

"ನೀನು ಕೇಳಿದ್ರೆ ಹಾಕ್ತಿದ್ದೆ ಕಣೇ."

ಅವಳು ಕಾಫಿ ತರುತ್ತೇನೆಂದು ಒಳಗೆ ಹೋದಳು. ನಾನು ಕಾಯಲಿಲ್ಲ.