ಗೂಡಿನೊಳಗಿನ ಸ್ಪೀಕರ್ ಮತ್ತು ಸೋಬಾನೆಯ ಪದ

೧೯೯೮ರಲ್ಲಿ ನಂಜನಗೂಡಿನಲ್ಲಿ ನನ್ನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಆ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತವನಲ್ಲ. ಕೆಟ್ಟ ಸೆಟ್ಟುಗಳನ್ನು ಬಿಚ್ಚಿ ಕಲಿತೆ. ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸವೂ ನನಗೆ ಬರಲಿಲ್ಲ. ಒಳ್ಳೆಯ ಹೈ-ಫೈ ಆಂಪ್ಲಿಫೈಯರಿಗೆ ಟೋನ್ ಕಂಟ್ರೋಲ್ ಇರಬಾರದು, ಅದು ಶಬ್ದದ ಶುದ್ಧಿ ಕೆಡಿಸುತ್ತದೆ ಎಂಬುದು ಆಗ ಹೈ-ಫೈ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ದೊಡ್ಡ ಮಾತು. ಟೋನ್ ಕಂಟ್ರೋಲ್ ಎಂದರೆ ಎರಡು ನಾಬ್: ಬಾಸ್ ತಗ್ಗಿನ ದನಿಯನ್ನು, ಟ್ರೆಬಲ್ ಮೇಲಿನ ದನಿಯನ್ನು ಹೆಚ್ಚುಕಡಿಮೆ ಮಾಡುತ್ತದೆ. ಅಷ್ಟೇ.

ಹೆಮ್ಮರಗಾಲದ ಮಾದಪ್ಪನವರು ಒಂದು ಬೆಳಿಗ್ಗೆ ಕ್ಯಾಸೆಟ್ಟು ಹಿಡಿದು ಬಂದರು. ಮಗಳ ಮದುವೆ ಆ ವಾರವೇ. ಅರಿಶಿನ ಹಚ್ಚುವಾಗ ಹೇಳುವ ಸೋಬಾನೆ ಪದ ಪೂರ್ತಿ ಬರುತ್ತಿದ್ದುದು ಅವರ ತಾಯಿಗೆ ಮಾತ್ರ. ತೀರಿಕೊಳ್ಳುವ ಮುನ್ನ ಆಕೆ ಆ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದನ್ನು ಕೇಳಿ ಹೆಂಗಸರು ಕಲಿಯಬೇಕಿತ್ತು. ಮದುವೆಗೆಂದು ಮನೆಗೆ ತಂದ ಹೊಸ ಸೆಟ್ಟಿನಲ್ಲಿ ಒಂದು ಮಾತೂ ತಿಳಿಯದು. ಸೆಟ್ಟು ಮಾರಿದವನು, ಕ್ಯಾಸೆಟ್ಟೇ ಹೋಗಿದೆ, ಬಿಸಾಕಿ ಎಂದಿದ್ದನಂತೆ.

“ಅವ್ವನ ದನಿ ಓಗೇಬುಡ್ತಾ ಸಾ?”

ನನ್ನ ಅಂಗಡಿಯ ಸೆಟ್ಟಿಗೆ ಹಾಕಿದರೆ ಹಾಡು ಚೆನ್ನಾಗಿಯೇ ಕೇಳಿಸಿತು. ಅವರ ಮನೆಗೆ ಹೋಗಿ ನೋಡಿದಾಗ ತಲೆ ಚಚ್ಚಿಕೊಳ್ಳುವಂತಾಯಿತು. ಗೋಡೆಯಲ್ಲಿ ಗೂಡು ಕಟ್ಟಿಸಿ, ದೇವರನ್ನು ಕೂರಿಸಿದಂತೆ ಸ್ಪೀಕರುಗಳನ್ನು ಒಳಗೆ ತುರುಕಿದ್ದರು. ಮುಂದೆ ಕಸೂತಿಯ ದಪ್ಪ ಪರದೆ ಬೇರೆ. ಗೂಡು ತಗ್ಗಿನ ದನಿಯನ್ನು ಗುಂಯ್‌ಗುಡಿಸುತ್ತದೆ, ಬಟ್ಟೆ ಮೇಲಿನದನ್ನು ನುಂಗುತ್ತದೆ. ಮಾತಿನ ಅಕ್ಷರಗಳನ್ನು ಬಿಡಿಸಿ ಕೇಳಿಸುವುದೇ ಆ ಮೇಲಿನ ದನಿ.

“ಸ್ಪೀಕರ್ ಈಚೆಗೆ ತೆಗೀರಿ” ಎಂದೆ.

“ನೆಂಟ್ರು ಬತ್ತಾರೆ. ಗೂಡು ಬೋಳಾಗಿ ಕಾಣ್ತದೆ ಕಣ್ರೀ” ಎಂದರು ಮಾದಪ್ಪನವರ ಹೆಂಡತಿ ಗೌರಮ್ಮ.

“ಪರದೆಯನ್ನಾದರೂ?”

“ದೂಳು ಕೂತ್ಕತದೆ.”

ಅವರ ಹೊಸ ಸೆಟ್ಟಿಗೆ ಟೋನ್ ಕಂಟ್ರೋಲೇ ಇರಲಿಲ್ಲ. ಸರಿ, ಬಾಸ್, ಟ್ರೆಬಲ್ ಎರಡೂ ಇದ್ದ ನನ್ನ ಹಳೆಯ ಆಂಪ್ಲಿಫೈಯರನ್ನೇ ತಂದೆ. ಸೆಟ್ಟು ಆರಿಸಿದ್ದ ಗೌರಮ್ಮನ ತಮ್ಮ ಶಿವಣ್ಣ ಅಂಥದೊಂದು ಪತ್ರಿಕೆ ಹಿಡಿದು ಅಡ್ಡ ನಿಂತರು.

“ನಾಬ್ ತಿರುಗಿಸಿದ್ರೆ ಒರಿಜಿನಲ್ಲೇ ಓಯ್ತದೆ ಸಾ. ಇದ್ರಲ್ಲಿ ಬರ್ದವ್ರೆ.”

“ಬರೆದವರು ನಿಮ್ಮ ಈ ಗೂಡಿನ ಮುಂದೆ ಕೂತು ಕೇಳಿದ್ದಾರೇನ್ರೀ? ಒರಿಜಿನಲ್ ಆ ತಾಯಿಯ ಬಾಯಲ್ಲಿತ್ತು, ಈ ಡಬ್ಬದಲ್ಲಲ್ಲ!”

ಬಾಸನ್ನು ಎಡಕ್ಕೆ, ಟ್ರೆಬಲನ್ನು ಬಲಕ್ಕೆ ತಿರುಗಿಸಿದೆ. ಟೇಪಿನ ಸುಯ್ ಸದ್ದೂ ಏರಿತು, ಇಲ್ಲವೆನ್ನುವುದಿಲ್ಲ. ಆದರೆ ಪದ ಬಿಡಿಬಿಡಿಯಾಗಿ ಕೇಳತೊಡಗಿತು. ನಡುವೆ ಟೇಪಿನಲ್ಲೇ ಮುದುಕಿ ಹಾಡು ನಿಲ್ಲಿಸಿ ಗದರಿದರು: “ಲೇ ಮಾದ, ಬಾಗ್ಲು ಮುಚ್ಚೋ, ಕೋಳಿ ಒಳೀಕ್ ಬತ್ತಾವೆ!”

ಮಾದಪ್ಪನವರು ಎದ್ದು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟುಬಿಟ್ಟಿದ್ದರು. ಯಾರೂ ನಗಲಿಲ್ಲ. “ಮೊದ್ಲಿಂದ ಆಕಿ” ಎಂದು ಗೌರಮ್ಮ ಸೆರಗು ಸಿಕ್ಕಿಸಿ ಕೂತರು.

ಕಿವಿ, ಕೋಣೆ, ಕ್ಯಾಸೆಟ್ಟು ಮೂರೂ ಶುದ್ಧವಾಗಿರುವ ಮನೆಯಲ್ಲಿ ಆ ನಾಬ್‌ಗಳು ಬೇಕಾಗಿಲ್ಲ. ಅಂಥ ಮನೆ ನನ್ನ ಕಸುಬಿನುದ್ದಕ್ಕೂ ಸಿಗಲಿಲ್ಲ. ಮಾದಪ್ಪನವರ ಮನೆಯವರಂತೂ ಪರದೆಯನ್ನು ಕೊನೆಗೂ ತೆಗೆಯಲಿಲ್ಲ. ನನ್ನ ಆಂಪ್ಲಿಫೈಯರನ್ನು ಹಿಂದಿರುಗಿಸಲೂ ಇಲ್ಲ.